ಚಮಚ ಆಮೇಲೆ ಹುಡುಕೋಣ

ಬ್ರೂಕ್ಲಿನ್
ಫೆಬ್ರವರಿ ೧೧, ೨೦೨೨

ಪ್ರೀತಿಯ ಯೂಲೀ ಅತ್ತೆ,

ಫೋನಿನಲ್ಲಿ ಹೇಳಹೊರಟರೆ ನೀವು ನಡುವೆ ಬಾಯಿ ಹಾಕಿ ಬೇರೆ ಯಾರದೋ ಮದುವೆಯ ಕಥೆ ತೆಗೆಯುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ನಿಂತಿದ್ದರೆ ಕುಳಿತುಕೊಳ್ಳಿ.

ನನಗೊಂದು ಪುಸ್ತಕದ ಕೆಲಸ ಸಿಕ್ಕಿದೆ. ಹಳೆಯ, ಹೆಸರಾಂತ ಕಾದಂಬರಿಗಳನ್ನು ನಮ್ಮವರ ಕಣ್ಣಿನಿಂದ ಹೊಸದಾಗಿ ಹೇಳುವ ಮಾಲೆಯೊಂದು ಶುರುವಾಗಿದೆ. ಆ ಕಥೆಗಳಲ್ಲಿ ತಟ್ಟೆ ತಂದಿಟ್ಟು ಮಾಯವಾಗುವ ಕಪ್ಪು ಜನ ಇರುತ್ತಾರಲ್ಲ, ಇನ್ನು ಅವರು ಮಾತಾಡಬೇಕು. ಓದುವವರು ಹದಿನಾಲ್ಕು ಹದಿನೈದರ ಮಕ್ಕಳು. ನಿನಗೆ ಯಾವ ಕಾದಂಬರಿ ಬೇಕು ಎಂದು ಸಂಪಾದಕಿ ಮೆರೆಡಿತ್ ಕೇಳಿದಳು. ಅವಳ ಮಾತು ಮುಗಿಯುವ ಮೊದಲೇ 'ವೆದರ್‌ಲೀ ಮನೆ' ಅಂದುಬಿಟ್ಟೆ.

ಬೇರೆ ಯಾವುದು ಹೇಳಲಿ? ಪ್ರತಿ ಬೇಸಿಗೆಗೂ ಅಪ್ಪ ನನ್ನನ್ನು ದ್ವೀಪಕ್ಕೆ ತಂದು ಬಿಡುತ್ತಿದ್ದಾಗ ನೀವು ಜಗಲಿಯಲ್ಲಿ ಕುಳಿತು ಓದುತ್ತಿದ್ದದ್ದು ಅದನ್ನೇ. ಅಕ್ಕತಂಗಿಯರ ಪ್ರೇಮ, ಯುದ್ಧ, ಮನೆ ಸುಡುವುದು ಇವೆಲ್ಲ ನನಗೆ ಮರೆತುಹೋಗಿವೆ. ಮರೆಯದೆ ಉಳಿದದ್ದು ಆ ಮನೆಯ ಗುಲಾಮಳು, ಅಡುಗೆಯ ಹೆಪ್ಸಿ. ಬೆಳ್ಳಿಯ ಚಮಚ ಕದ್ದೆ ಎಂದು ಯಜಮಾನಿ ಅವಳ ಮೇಲೆ ಹೊರಿಸುತ್ತಾಳೆ. ಹೆಪ್ಸಿ ತಲೆವಸ್ತ್ರ ಸರಿಮಾಡಿಕೊಂಡು, ಮೈಮೇಲಿನ ಅಡುಗೆಬಟ್ಟೆ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟು ಹೇಳುತ್ತಾಳೆ: "ಅಮ್ಮಾವ್ರೇ, ಈ ಮನೇಲಿ ಕಳೆದುಹೋಗಿರೋದು ಚಮಚ ಅಲ್ಲ, ನೀವು ಮಾರಿದ ನನ್ನ ಮೂರು ಮಕ್ಕಳು. ಮೊದ್ಲು ಅವ್ರನ್ನ ಹುಡುಕೋಣ. ಚಮಚ ಆಮೇಲೆ ಹುಡುಕೋಣ." ಇದನ್ನು ನೀವು ಓದಿದಾಗಲೆಲ್ಲ ನನಗೆ ಮೈ ಝುಮ್ಮೆನ್ನುತ್ತಿತ್ತು. ನನ್ನ ಇಡೀ ಪುಸ್ತಕ ಆ ಒಂದು ಮಾತಿನ ಮೇಲೆ ನಿಲ್ಲುತ್ತದೆ.

ಒಂದು ಸಣ್ಣ ತೊಡಕು. ಅಂಗಡಿಯಿಂದ ತಂದ ಪ್ರತಿಯಲ್ಲಿ ಆ ಮಾತು ಇಲ್ಲ! ಅದರಲ್ಲಿ ಹೆಪ್ಸಿ ಬಿಕ್ಕಿ ಬಿಕ್ಕಿ ಅಳುತ್ತಾಳೆ, ಚಮಚ ಸೋಫಾದ ಸಂದಿಯಲ್ಲಿ ಸಿಗುತ್ತದೆ, ಯಜಮಾನಿ ದೊಡ್ಡ ಮನಸ್ಸು ಮಾಡಿ ಅವಳನ್ನು ಕ್ಷಮಿಸುತ್ತಾಳೆ. ತಪ್ಪೇ ಮಾಡದವಳನ್ನು ಅದು ಹೇಗೆ ಕ್ಷಮಿಸುವುದೋ ನನಗೆ ತಿಳಿಯದು. ಶಾಲೆಗೆಂದು ಮೊಟಕು ಮಾಡಿದ ಮುದ್ರಣವಿರಬೇಕು. ನಿಮ್ಮ ಹಳೆಯ ಪ್ರತಿಯನ್ನು ಕಳಿಸಿಕೊಡಿ, ಜೋಪಾನವಾಗಿ ಹಿಂದಿರುಗಿಸುತ್ತೇನೆ.

ನಿಮ್ಮ
ಮಾರ್ಲೀಸ್

*

ಟಾಮ್‌ಸೆಟ್ ದ್ವೀಪ, ದಕ್ಷಿಣ ಕ್ಯಾರೊಲೈನಾ
ಫೆಬ್ರವರಿ ೨೩, ೨೦೨೨

ಕೂಟಾ,

ಹುಟ್ಟಿದಾಗ ನಿನಗೆ ಕೂಟಾ, ಅಂದರೆ ಆಮೆ, ಅಂತ ಮನೆಯ ಹೆಸರು ಇಟ್ಟದ್ದು ನಾನೇ. ಈಗ ನೋಡಿದರೆ ಕುದುರೆಯ ಹಾಗೆ ಓಡುತ್ತಿದ್ದೀಯ. ಸ್ವಲ್ಪ ನಿಲ್ಲು.

ಸಂತೋಷವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ನೂರೈವತ್ತು ವರ್ಷ ನಮ್ಮ ಕಡೆ ತಿರುಗಿ ನೋಡದವರು ಈಗ ಇದ್ದಕ್ಕಿದ್ದಂತೆ ಕುರ್ಚಿ ಎಳೆದು ಕೂರು ಬಾ ಅಂದರೆ, ನಾನಾದರೆ ಮೊದಲು ಕುರ್ಚಿಯ ಕಾಲು ಅಲ್ಲಾಡಿಸಿ ನೋಡುತ್ತೇನೆ. ಹೊದಿಕೆಯ ಮೇಲೆ ಕಪ್ಪು ಹುಡುಗಿಯ ಚಿತ್ರ ಹಾಕಿ ಒಳಗೆ ಅದೇ ಹಳೇ ಗಂಜಿ ಬಡಿಸುವವರನ್ನು ಕಂಡಿದ್ದೇನೆ. ಆ ಮೆರೆಡಿತ್ ಎಂಬಾಕೆಯ ಮನೆಯವರು ಯಾರು, ಎಲ್ಲಿಯವರು? ಸಹಿ ಹಾಕುವ ಮುಂಚೆ ವಿಚಾರಿಸು.

ಪುಸ್ತಕ ಸಿಗುವುದಿಲ್ಲ. ಗೆದ್ದಲು ತಿಂದಿರಬೇಕು, ಇಲ್ಲವೇ ಯಾರಿಗೋ ಕೊಟ್ಟಿರಬೇಕು. ಅದಿಲ್ಲದಿದ್ದರೆ ಏನಂತೆ? ಹೊಸ ಕಥೆ ಬರೆಯುವವಳು ನೀನು, ಹೆಪ್ಸಿಯ ಬಾಯಿಗೆ ಹೊಸ ಮಾತು ಕೊಡು. ಹಳೆಯದನ್ನು ಕೆದಕುತ್ತಾ ಕೂರಬೇಡ. ಊರವರನ್ನು ಕೇಳಲೂ ಹೋಗಬೇಡ. ವಯಸ್ಸಾದವರು, ಅವರ ತಲೆ ಕೆಡಿಸಬೇಡ.

ಈ ಸಲ ಸಿಗಡಿ ಚೆನ್ನಾಗಿ ಬಿದ್ದಿದೆ. ನೀನಿಲ್ಲದೆ ನಾನೊಬ್ಬಳೇ ತಿನ್ನುತ್ತಿದ್ದೇನೆ.

ಅತ್ತೆ ಯೂಲೀ

*

ಬ್ರೂಕ್ಲಿನ್
ಏಪ್ರಿಲ್ ೨, ೨೦೨೨

ಅತ್ತೆ,

ಸಹಿ ಹಾಕಿದೆ, ಬೈಯಿರಿ. ಆದರೆ ನೀವು ಹೇಳಿದಂತೆ ವಿಚಾರಿಸಿದೆ, ವಿಚಾರಿಸಿದ್ದಕ್ಕೇ ನಿದ್ದೆ ಹೋಗಿದೆ.

ಮೊದಲನೆಯದು: 'ವೆದರ್‌ಲೀ ಮನೆ'ಯನ್ನು ಮೊಟ್ಟಮೊದಲು ಅಚ್ಚು ಹಾಕಿದವರು ಇದೇ ಪ್ರಕಾಶಕರು. ಮೆರೆಡಿತ್ ಇದನ್ನು ನನಗೆ ಹೇಳಿರಲಿಲ್ಲ. ಎರಡನೆಯದು: ಇಲ್ಲಿನ ದೊಡ್ಡ ಗ್ರಂಥಾಲಯದಲ್ಲಿ ಮೊದಲ ಮುದ್ರಣ ತರಿಸಿ ನೋಡಿದೆ. ಅದರಲ್ಲೂ ಹೆಪ್ಸಿ ಅಳುತ್ತಾಳೆ. ನಡುವಿನ ಮುದ್ರಣಗಳನ್ನೂ ನೋಡಿದೆ. ಎಲ್ಲದರಲ್ಲೂ ಅಳು, ಸೋಫಾ, ಕ್ಷಮೆ.

ನಾನೇ ಏನೋ ಕನಸು ಕಂಡಿದ್ದೆನೇ ಎಂಬ ಅನುಮಾನ ಬಂತು. ಬೇಡವೆಂದಿದ್ದಿರಿ, ಆದರೂ ನಿಮ್ಮ ಹಳೆಯ ಶಿಷ್ಯ, ಚರ್ಚಿನ ಡೀಕನ್ ಎಲ್ಕಾನಾ ಚಿಸಮ್ ಅವರಿಗೆ ಫೋನ್ ಮಾಡಿದೆ. ಪ್ರಶ್ನೆ ಮುಗಿಸಲೂ ಬಿಡಲಿಲ್ಲ, ಒಂದಕ್ಷರ ತಪ್ಪದೆ ಹೇಳಿದರು. "ಅಲ್ಲಮ್ಮಾ, ಜಮೀನಿನ ಕೇಸಲ್ಲಿ ಜಡ್ಜ್ ಮುಂದೆ ಅದನ್ನೇ ಅಂದಿದ್ದೆ ನಾನು. ನಿಮ್ಮ ನಕ್ಷೆ ಆಮೇಲೆ ನೋಡೋಣ ಸ್ವಾಮಿ, ಮೊದ್ಲು ನಮ್ಮ ತಾತನ ಗೋರಿ ಎಲ್ಲಿ ಹೋಯ್ತು ಹುಡುಕೋಣ ಅಂತ," ಎಂದರು. ನಿಮ್ಮ ಇನ್ನೊಬ್ಬ ಶಿಷ್ಯೆ ರೊಸೆಟ್ಟಾ ಗ್ಯಾಡ್ಸ್‌ಡನ್ ಅವರನ್ನು ಕೇಳಿದೆ, ಅವರೂ ಅದೇ ಮಾತು ಹೇಳಿದರು. ಇಡೀ ದ್ವೀಪವೇ ಒಂದೇ ಕನಸು ಕಾಣುತ್ತದೆಯೇ?

ಈಗಿನ ಪ್ರತಿಗಳಲ್ಲಿ ಅದಿಲ್ಲ ಎಂದಾಗ ಎಲ್ಕಾನಾ ಮೆಲ್ಲಗೆ ಅಂದದ್ದು: "ಕಿತ್ತು ಹಾಕಿದಾರೆ. ಹಾಕ್ದೆ ಇರ್ತಾರಾ?"

ನನಗೂ ಹಾಗೇ ಅನ್ನಿಸುತ್ತಿದೆ. ಯಾವುದೋ ಒಂದು ಮುದ್ರಣದಲ್ಲಿ ಆ ಪುಟ ಇತ್ತು, ಹೇಗೋ ನಮ್ಮೂರಿಗೆ ಬಂತು, ಆಮೇಲೆ ಗುಟ್ಟಾಗಿ ತೆಗೆದರು. ಮೆರೆಡಿತ್‌ಗೆ ನನ್ನ ಕರಡು ಕಳಿಸಿದಾಗ ಅವಳು ಅದೇ ದಿನ ಫೋನ್ ಮಾಡಿದಳು. "ಈ ಸನ್ನಿವೇಶ ನಿನಗೆ ಎಲ್ಲಿ ಸಿಕ್ತು?" ಎಂದು ಕೇಳಿದಳು. ಧ್ವನಿ ಸರಿ ಇರಲಿಲ್ಲ. ಅವಳಿಗೆ ಏನೋ ಗೊತ್ತಿದೆ.

ಜೂನ್ ಕೊನೆಗೆ ಗ್ರಂಥಪಾಲಕರ ದೊಡ್ಡ ಸಮ್ಮೇಳನ. ನನ್ನನ್ನು ಭಾಷಣಕ್ಕೆ ಕರೆದಿದ್ದಾರೆ. ಅಲ್ಲೇ ನಿಂತು ಎಲ್ಲರ ಮುಂದೆ ಕೇಳುತ್ತೇನೆ, ಹೆಪ್ಸಿಯ ಮಾತನ್ನು ಕದ್ದವರು ಯಾರು ಎಂದು. ನನ್ನ ಬಳಿ ಸಾಕ್ಷಿ ಬೇಕು ಅತ್ತೆ. ನಿಮ್ಮ ಪುಸ್ತಕ ನಿಜವಾಗಿ ಗೆದ್ದಲು ತಿಂದಿತೇ? ಯಾರಾದರೂ ಬಂದು ಕೇಳಿಕೊಂಡು ಹೋದರೇ?

ಮಾರ್ಲೀಸ್

*

ಟಾಮ್‌ಸೆಟ್ ದ್ವೀಪ
ಏಪ್ರಿಲ್ ೯, ೨೦೨೨

ಕೂಟಾ,

ಯಾರೂ ಬಂದಿಲ್ಲ. ಯಾರೂ ಕೇಳಿಲ್ಲ.

ಎಲ್ಕಾನಾಗೆ ಫೋನ್ ಮಾಡಬೇಡ ಅಂದಿದ್ದೆ. ಈಗ ನೋಡು, ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಅದೇ ಮಾತು. ರೊಸೆಟ್ಟಾ ಅಂತೂ ನ್ಯೂಯಾರ್ಕಿಗೆ ಬಸ್ಸು ಮಾಡಿಕೊಂಡು ಹೋಗೋಣ ಅಂತ ಕುಣಿಯುತ್ತಿದ್ದಾಳೆ. ಮಂಡಿ ನೋವು ಅಂತ ಪ್ರಾರ್ಥನೆಗೇ ಏಳದವಳು.

ಸಮ್ಮೇಳನದಲ್ಲಿ ಆ ವಿಷಯ ಎತ್ತಬೇಡ. ಆ ಮಾತು ನಿನಗೆ ಬೇಕಿದ್ದರೆ ನಿನ್ನದೇ ಅಂತ ಬರೆದುಕೋ. ಯಾರು ಕೇಳುತ್ತಾರೆ? ಇಷ್ಟೇ ಹೇಳಬಲ್ಲೆ.

ಅತ್ತೆ

*

ಬ್ರೂಕ್ಲಿನ್
ಮೇ ೩, ೨೦೨೨

ಅತ್ತೆ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದರೂ ಅದರಲ್ಲಿ ನೀವು ಕಾಣುತ್ತಿಲ್ಲ. ಬೇರೆಯವರ ಮಾತನ್ನು ನನ್ನದೆಂದು ಬರೆದುಕೋ ಎಂದು ಯೂಲಲೀ ಮಜೀಕ್ ಹೇಳುವುದೇ? ಬೇಸಿಗೆಯ ಜಗಲಿ ಪಾಠದಲ್ಲಿ ಪಕ್ಕದವಳ ಹಾಳೆ ನೋಡಿ ಬರೆದದ್ದಕ್ಕೆ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದ್ದವರೇ?

ನೇರವಾಗಿ ಕೇಳುತ್ತೇನೆ. ಹೋದ ವರ್ಷ ಜಿಲ್ಲೆಯವರು ನಿಮಗೆ ಸನ್ಮಾನ ಮಾಡಿದರು. ಹಳೇ ಶಾಲೆಯ ಗೋಡೆಗೆ ನಿಮ್ಮ ಹೆಸರಿನ ಫಲಕ ಹಾಕುತ್ತಾರಂತೆ. ಅದು ತಪ್ಪಿಹೋದೀತು ಎಂಬ ಭಯವೇ? ಬಿಳಿಯರ ಮನಸ್ಸು ನೋಯಿಸಬಾರದೆಂದೇ? ನಾನು ಹೀಗೆ ಯೋಚಿಸಬಾರದು, ಗೊತ್ತು. ಆದರೆ ನೀವು ಬಾಯಿ ಮುಚ್ಚಿಕೊಂಡು ಕುಳಿತರೆ ನನ್ನ ತಲೆ ಸುಮ್ಮನಿರುವುದಿಲ್ಲ. ಯಾರ ಮಾತನ್ನೂ ಹಾಗೇ ನುಂಗಬೇಡ, ಅಗಿದು ನೋಡು ಎಂದು ಕಲಿಸಿದವರು ನೀವೇ.

ನೀವು ಏನೇ ಹೇಳಿ, ಭಾಷಣದಲ್ಲಿ ಇದನ್ನು ಹೇಳಿಯೇ ಹೇಳುತ್ತೇನೆ. ಪತ್ರಿಕೆಯವರೂ ಬರುತ್ತಾರೆ.

ಮಾರ್ಲೀಸ್

*

ಟಾಮ್‌ಸೆಟ್ ದ್ವೀಪ
ಮೇ ೧೪, ೨೦೨೨

ಮಾರ್ಲೀಸ್,

ಫಲಕ! ಆ ಫಲಕವನ್ನು ಅವರು ಯಾವ ಗೋಡೆಗೆ ಬೇಕಾದರೂ ಬಡಿದುಕೊಳ್ಳಲಿ. ನಿನ್ನ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಅನ್ನಿಸಿತು, ಇವಳು ನನ್ನ ಮೇಲೆ ಅನುಮಾನಪಟ್ಟದ್ದು ಸರಿಯೇ, ಪಡಬೇಕಾದ ಕಾರಣ ಮಾತ್ರ ತಪ್ಪು. ನೀನು ಪತ್ರಿಕೆಯವರ ಮುಂದೆ ನಿಂತು ನಗೆಪಾಟಲಾಗುವುದನ್ನು ನೋಡುವುದಕ್ಕಿಂತ ಹೇಳಿಬಿಡುವುದು ಮೇಲು.

ಪುಟ ಕಿತ್ತದ್ದು ನಿಜ. ಆದರೆ ಕಿತ್ತವರು ನ್ಯೂಯಾರ್ಕಿನವರಲ್ಲ.

೧೯೬೨ರಲ್ಲಿ ನಾನು ಆ ಶಾಲೆಗೆ ಟೀಚರಾಗಿ ಸೇರಿದಾಗ ನನಗೆ ಇಪ್ಪತ್ತೆರಡು. ಬಿಳಿಯರ ಶಾಲೆಯಲ್ಲಿ ಹರಿದು ಚಿಂದಿಯಾದ ಪುಸ್ತಕಗಳು ನಮ್ಮ ಶಾಲೆಗೆ ಬರುತ್ತಿದ್ದವು. 'ವೆದರ್‌ಲೀ ಮನೆ'ಯದು ಒಂದೇ ಪ್ರತಿ. ನಡುವೆ ಹಾಳೆಗಳ ಒಂದು ಕಟ್ಟೇ ಇಲ್ಲ, ಯಾವ ಹುಡುಗ ದೋಣಿ ಮಾಡಿ ಬಿಟ್ಟಿದ್ದನೋ. ನಾನೂ ಆ ಪುಸ್ತಕ ಮೊದಲು ಓದಿರಲಿಲ್ಲ. ಹಿಂದಿನ ರಾತ್ರಿ ನಾಲ್ಕು ಪುಟ ನೋಡಿಕೊಂಡು ಮಾರನೆಯ ದಿನ ಓದಿ ಹೇಳುವುದು, ಹಾಗೆ ನಡೆದಿತ್ತು. ಆ ದಿನ ನೋಡಿಕೊಂಡಿರಲಿಲ್ಲ.

ಯಜಮಾನಿ ಹೆಪ್ಸಿಯ ಮೇಲೆ ಚಮಚದ ಕಳವು ಹೊರಿಸಿದಳು. ಪುಟ ತಿರುವಿದೆ. ಮುಂದೆ ಏನೂ ಇಲ್ಲ, ನೇರವಾಗಿ ಬೇರೆ ಯಾರದೋ ಮದುವೆ.

ಎಲ್ಕಾನಾ ಆಗ ಒಂಬತ್ತು ವರ್ಷದವನು. ಅವನ ತಾಯಿ ಪೇಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅದೇ ವಾರ ಆ ಮನೆಯವರು ಉಂಗುರ ಕಾಣುತ್ತಿಲ್ಲ ಅಂತ ಅವಳನ್ನು ಪೊಲೀಸರಿಗೆ ಹಿಡಿದುಕೊಟ್ಟಿದ್ದರು. ಆ ವಿಷಯ ಇಡೀ ತರಗತಿಗೆ ಗೊತ್ತು. ಹುಡುಗ ಡೆಸ್ಕಿಗೆ ಹಣೆ ಹಚ್ಚಿ ಕುಳಿತಿದ್ದ. ಹಾಗೇ ಕುಳಿತು ಕೇಳಿದ, "ಆಮೇಲೆ ಅವ್ಳು ಏನಂದ್ಲು, ಮಿಸ್?"

ಪುಟ ಇಲ್ಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಮದುವೆಯ ಪುಟದ ಮೇಲೆ ಕಣ್ಣಿಟ್ಟುಕೊಂಡು, ಬೆರಳು ಸಾಲಿನ ಮೇಲೆ ಆಡಿಸುತ್ತಾ, ಹೆಪ್ಸಿಗೆ ಅಡುಗೆಬಟ್ಟೆ ಬಿಚ್ಚಿಸಿದೆ. ಮಾತು ಎಲ್ಲಿಂದ ಬಂತೋ ನನಗೂ ಗೊತ್ತಿಲ್ಲ. ಎಲ್ಕಾನಾ ತಲೆಯೆತ್ತಿದ. "ಇನ್ನೊಂದ್ಸಲ ಓದಿ ಮಿಸ್," ಅಂದ. ಓದಿದೆ. ಒಂದಕ್ಷರ ಬದಲಾಗದ ಹಾಗೆ ಓದಿದೆ, ಇಲ್ಲದಿದ್ದರೆ ಸಿಕ್ಕಿಬೀಳುತ್ತಿದ್ದೆ.

ಎರಡು ವರ್ಷದ ಮೇಲೆ ಪೂರ್ತಿ ಪ್ರತಿ ಸಿಕ್ಕಿತು. ಹೆಪ್ಸಿ ಅಳುವುದನ್ನು ನೋಡಿದೆ. ಪುಸ್ತಕ ಮುಚ್ಚಿ, ತರಗತಿಯಲ್ಲಿ ನನ್ನದನ್ನೇ ಓದುತ್ತಾ ಹೋದೆ. ಮೂವತ್ತೆಂಟು ವರ್ಷ ಓದಿದೆ. ಜಗಲಿಯಲ್ಲಿ ನಿನಗೂ ಅದನ್ನೇ ಓದಿದೆ.

ಯಾಕೆ ಹೇಳಲಿಲ್ಲ ಅಂತ ಕೇಳಬೇಡ, ಯೋಚಿಸು. ಅದು ನನ್ನ ಮಾತು ಅಂದಿದ್ದರೆ, ಮೊನ್ನೆ ಮೊನ್ನೆ ಕಾಲೇಜಿನಿಂದ ಬಂದ ಕಪ್ಪು ಹುಡುಗಿಯೊಬ್ಬಳ ಮಾತು, ಅಷ್ಟೇ. ಅವರಮ್ಮಂದಿರು ಅಡುಗೆಮನೆಯಲ್ಲಿ ದಿನಾ ಆಡುವ ಮಾತು. ಪುಸ್ತಕದಲ್ಲಿದೆ ಅಂದರೆ ಬಿಳಿಯರೇ ಬರೆದು, ಬಿಳಿಯರೇ ಅಚ್ಚು ಹಾಕಿ, ತಾವೇ ಒಪ್ಪಿಕೊಂಡ ಮಾತು. ಆ ಮಕ್ಕಳಿಗೆ ಬೇಕಾಗಿದ್ದದ್ದು ಅದು. ನನಗೆ ಇದರಲ್ಲಿ ನಾಚಿಕೆಯಿಲ್ಲ. ಭಯ ಇರುವುದು ಎಲ್ಕಾನಾ ಒಬ್ಬನದು, ಇದು ತಿಳಿದರೆ ಅವನು ಏನಾದಾನೋ ಅಂತ.

ಆ ನಿನ್ನ ಮೆರೆಡಿತ್ ಪಾಪ ಏನೂ ಮುಚ್ಚಿಟ್ಟಿಲ್ಲ. ಅನುಮಾನಪಡುವುದನ್ನು ಕಲಿಸಿದವಳು ನಾನು, ನನ್ನನ್ನೂ ಸೇರಿಸಿಕೋ ಅಂತ ಹೇಳುವುದು ಮರೆತಿದ್ದೆ.

ಯೂಲಲೀ ಮಜೀಕ್

*

ಬ್ರೂಕ್ಲಿನ್
ಜೂನ್ ೨೮, ೨೦೨೨

ಯೂಲೀ ಅತ್ತೆ,

ಇಷ್ಟು ದಿನ ಬರೆಯಲಿಲ್ಲ. ಮೊದಲ ವಾರ ನಿಮ್ಮ ಮೇಲೆ ಕೋಪ, ಎರಡನೆಯ ವಾರ ನಗು, ಆಮೇಲೆ ಅಳು. ಒಂಬತ್ತು ಮುದ್ರಣಗಳಲ್ಲಿ ನಾನು ಹುಡುಕಿದ್ದು ನಿಮ್ಮ ಬಾಯಲ್ಲಿತ್ತು. ಫಲಕದ ಮಾತು ಬರೆಯಬಾರದಿತ್ತು. ಅದನ್ನು ಹರಿದುಹಾಕಿ.

ಭಾಷಣದಲ್ಲಿ ಆ ವಿಷಯ ಎತ್ತಲಿಲ್ಲ. ಬದಲಿಗೆ ಮೆರೆಡಿತ್ ಮುಂದೆ ಕುಳಿತು ಎಲ್ಲ ಹೇಳಿದೆ. ಅವಳೇಕೆ ಅಂದು ಹಾಗೆ ಕೇಳಿದಳು ಗೊತ್ತೇ? ನನ್ನ ಮೇಲೆಯೇ ಅನುಮಾನ! ಮೂಲದಲ್ಲಿ ಇಲ್ಲದ್ದನ್ನು ಇದೆ ಎಂದು ನಂಬಿಸಿ ಹೆಸರು ಮಾಡಹೊರಟಿದ್ದೇನೆ ಎಂದುಕೊಂಡು, ಇಬ್ಬರನ್ನು ಕಳಿಸಿ ಹಳೆಯ ಮುದ್ರಣಗಳನ್ನೆಲ್ಲ ತಡಕಿಸಿದ್ದಳಂತೆ. ನಾನೂ ಅವರೂ ಒಂದೇ ಗ್ರಂಥಾಲಯದಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಪುಟ ನೋಡಿದ್ದೇವೆ.

ನಿಮ್ಮ ಕಥೆ ಕೇಳಿ ಅವಳ ಕಣ್ಣು ಅರಳಿತು. ಅದು ನನಗೆ ಹಿಡಿಸಲಿಲ್ಲ. "ಇದು ಪುಸ್ತಕಕ್ಕಿಂತ ಚೆನ್ನಾಗಿದೆ," ಎಂದಳು. ಹೊದಿಕೆಯ ಮೇಲೆ ನಿಮ್ಮ ಹೆಸರು, ಹಿಂದೆ ನಿಮ್ಮ ಫೋಟೋ, ಹಳೇ ಶಾಲೆಯ ಮುಂದೆ ನಿಲ್ಲಿಸಿ ಒಂದು ವಿಡಿಯೋ. ಮಾತು ನಿಮ್ಮದಾದ್ದರಿಂದ ನಿಮ್ಮ ಒಪ್ಪಿಗೆ ಬರಹದಲ್ಲಿ ಬೇಕು. ಒಪ್ಪಿಗೆ ಇಲ್ಲದಿದ್ದರೆ ಆ ಮಾತು ತೆಗೆಯಬೇಕು. ತೆಗೆದರೆ ನನ್ನ ಪುಸ್ತಕದಲ್ಲಿ ಹೆಪ್ಸಿ ಮತ್ತೆ ಮೂಗಿಯಾಗುತ್ತಾಳೆ, ನಾನು ಅದನ್ನು ಬರೆಯಲಾರೆ. ಕಾಗದ ಇದರ ಜೊತೆಗಿಟ್ಟಿದ್ದೇನೆ.

ನಿಮ್ಮ ಹೆಸರು ಅಚ್ಚಾಗಬೇಕು ಎಂದು ನನಗೂ ಆಸೆ. ಯಾಕಾಗಬಾರದು? ಆದರೆ ಹಾಗಾದ ದಿನ ಎಲ್ಕಾನಾ ಪತ್ರಿಕೆಯಲ್ಲಿ ನೋಡಿ ತಿಳಿದುಕೊಳ್ಳುತ್ತಾರೆ. ಅದಕ್ಕೆ ಮುಂಚೆ ಅವರಿಗೆ ಯಾರಾದರೂ ಹೇಳಬೇಕು. ನಾನು ಹೇಳಲಾರೆ, ಅದು ನಿಮ್ಮ ಕೆಲಸ.

ಪ್ರೀತಿಯಿಂದ
ಕೂಟಾ

*

ಟಾಮ್‌ಸೆಟ್ ದ್ವೀಪ
ಆಗಸ್ಟ್ ೮, ೨೦೨೨

ಕೂಟಾ,

ಹೇಳಿದೆ.

ನಿನ್ನೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹಿಂದಿನ ಹಾಲ್‌ನಲ್ಲಿ ಊಟ. ಕೆಂಪನ್ನ, ಬೆಂಡೆಕಾಯಿ ಸಾರು, ಕರಿದ ಮೀನು. ಎಲ್ಲರ ಹೊಟ್ಟೆ ತುಂಬಲಿ ಅಂತ ಕಾದೆ. ಖಾಲಿ ಹೊಟ್ಟೆಯವರಿಗೆ ಸತ್ಯ ಹೇಳಬಾರದು. ನನ್ನ ಹಳೆಯ ವಿದ್ಯಾರ್ಥಿಗಳು ಹನ್ನೊಂದು ಹನ್ನೆರಡು ಮಂದಿ ಇದ್ದರು, ಎಲ್ಲರೂ ಈಗ ಅಜ್ಜ ಅಜ್ಜಿಯರು. ಎದ್ದು ನಿಂತು ಹೇಳಿದೆ: "ಮಕ್ಕಳೇ, ಚಮಚದ ಮಾತು ಪುಸ್ತಕದಲ್ಲಿ ಇರ್ಲಿಲ್ಲ. ಯಾರೂ ಕಿತ್ತು ಹಾಕಿಲ್ಲ. ಅದನ್ನ ಕಟ್ಟಿ ಹೇಳಿದ್ದು ನಾನು."

ಕಲ್ಲೆಸೆಯುತ್ತಾರೆ ಅಂದುಕೊಂಡಿದ್ದೆ. ಯಾರೂ ನಂಬಲೇ ಇಲ್ಲ!

ರೊಸೆಟ್ಟಾ ಮೀನಿನ ಮುಳ್ಳು ಕೆಳಗಿಟ್ಟು, "ಮಿಸ್, ನಾನು ಕಣ್ಣಾರೆ ನೋಡಿದೀನಿ. ಎಡಗಡೆ ಪುಟ, ಕೆಳಗೆ. ಹೆಪ್ಸಿ ಚಿತ್ರಾನೂ ಇತ್ತು," ಅಂದಳು. ಆ ಪುಸ್ತಕದಲ್ಲಿ ಒಂದೇ ಒಂದು ಚಿತ್ರವಿಲ್ಲ ಮಗೂ. ಇನ್ನೊಬ್ಬ, "ಮಿಸ್‌ಗೆ ಎಂಬತ್ತೆರಡಾಯ್ತಲ್ಲಪ್ಪ, ಮರೆವು," ಅಂತ ಪಕ್ಕದವನ ಕಿವಿಯಲ್ಲಿ ಊದಿದ, ಇಡೀ ಹಾಲ್‌ಗೆ ಕೇಳಿಸುವ ಹಾಗೆ. ಮತ್ತೊಬ್ಬಳು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು, ಜ್ವರ ಬಂದವರಿಗೆ ಹಾಕುವ ಹಾಗೆ.

ಎಲ್ಕಾನಾ ತಟ್ಟೆ ಸರಿಸಿ ಎದ್ದ. ಆಮೇಲೆ ಕಾರಿನವರೆಗೆ ಕೈ ಹಿಡಿದು ಕರೆತಂದ. ಬಾಗಿಲು ತೆಗೆದವನು ಕೂರಿಸಲಿಲ್ಲ.

"ಯಾರು ಬಂದಿದ್ರು, ಮಿಸ್?" ಅಂದ.

"ಯಾರೂ ಬಂದಿಲ್ಲಪ್ಪ."

"ನ್ಯೂಯಾರ್ಕಿನವ್ರಾ? ಏನು ಅಂತ ಹೆದರಿಸಿದ್ರು? ಮಾರ್ಲೀಸ್ ಫೋನಲ್ಲಿ ಅಂದಾಗ್ಲೇ ಅನ್ಕೊಂಡೆ ನಾನು. ಪುಟ ಕಿತ್ತವ್ರು ಈಗ ನಿಮ್ಮ ಬಾಯಿಂದ್ಲೇ ಇಲ್ಲ ಅನ್ನಿಸ್ತಾ ಇದಾರೆ."

ನೀನು ಹಚ್ಚಿದ ಬೆಂಕಿ ಅದು, ಆರುವುದಿಲ್ಲ. ನಾನು ಎಲ್ಲ ಹೇಳಿದೆ. ಹರಿದ ಪುಸ್ತಕ, ಮದುವೆಯ ಪುಟ, ಅವನು ಡೆಸ್ಕಿಗೆ ಹಣೆ ಹಚ್ಚಿದ್ದು. ಅವನ ತಾಯಿಯ ಹೆಸರು ಎತ್ತಿದಾಗ ಅವನು ಕೈ ಅಡ್ಡ ಹಿಡಿದ.

"ಮಿಸ್, ಆ ವಾರ ಅಮ್ಮನ ಕಡೆ ಒಬ್ರೂ ನಿಲ್ಲಲಿಲ್ಲ. ಪಾದ್ರಿ ಬರ್ಲಿಲ್ಲ. ಅಪ್ಪಾನೂ ಠಾಣೆ ಬಾಗ್ಲಿಂದ ಒಳಗೆ ಕಾಲಿಡ್ಲಿಲ್ಲ. ಒಂದು ಪುಸ್ತಕ ನಿಂತ್ಕೊಳ್ತು. ಅದನ್ನೂ ಕಿತ್ಕೋಬೇಡಿ."

ಅವನಿಗೆ ಅರವತ್ತೊಂಬತ್ತು ವರ್ಷ, ಕೂಟಾ. ನನ್ನ ಮುಂದೆ ನಿಂತು ಹಾಗೆ ಕೇಳಿದ. ನಾನು ನಿಂತಿದ್ದೆನಲ್ಲೋ, ಪುಸ್ತಕವಲ್ಲ, ನಿನ್ನಮ್ಮನ ಕಡೆ ನಾನು ನಿಂತಿದ್ದೆ ಅಂತ ಬಾಯಿಗೆ ಬಂತು. ಆಡಲಿಲ್ಲ. ಅವನಿಗೆ ನನ್ನ ಮಾತಿನಲ್ಲಿ ನಿಜವಾಗಿ ನಂಬಿಕೆ ಇರಲಿಲ್ಲವೋ, ನಂಬಿಯೂ ಬೇಡವೆಂದನೋ, ನನಗೆ ತಿಳಿಯಲಿಲ್ಲ. ಮುಖ ನೋಡಿ ಮಕ್ಕಳ ಮನಸ್ಸು ಓದುತ್ತಿದ್ದವಳು ನಾನು, ನಿನ್ನೆ ಓದಲಾಗಲಿಲ್ಲ. ಮನೆಗೆ ಬಂದು ತುಂಬ ಹೊತ್ತು ಅತ್ತೆ.

ಅಳು ಮುಗಿದ ಮೇಲೆ ನಿನ್ನ ಕಾಗದ ತೆಗೆದು ಓದಿದೆ. ಎರಡು ಸಲ ಓದಿದೆ, ಆ ಮೆರೆಡಿತ್ ಎಲ್ಲೋ ಬಾಲ ಸಿಕ್ಕಿಸಿರುತ್ತಾಳೆ ಅಂತ. ಸಹಿ ಹಾಕಿದ್ದೇನೆ. ಕೆಳಗೆ ನನ್ನ ಕೈಬರಹದಲ್ಲಿ ಒಂದು ಷರತ್ತು ಸೇರಿಸಿದ್ದೇನೆ. ನನ್ನ ಹೆಸರು ಹೊದಿಕೆಯ ಮೇಲಾಗಲಿ, ಒಳಗಾಗಲಿ, ಎಲ್ಲೂ ಅಚ್ಚಾಗಕೂಡದು. ಫೋಟೋ ಇಲ್ಲ, ವಿಡಿಯೋ ಇಲ್ಲ. ಒಪ್ಪದಿದ್ದರೆ ನಾನೇ ನ್ಯೂಯಾರ್ಕಿಗೆ ಬರುತ್ತೇನೆ, ರೊಸೆಟ್ಟಾಳ ಬಸ್ಸು ಹೇಗೂ ತಯಾರಿದೆ.

ನಿನಗೆ ಬೇಸರವಾಗುತ್ತದೆ. ನನಗೆ ಆಗುವುದಿಲ್ಲವೇ? ಎಂಬತ್ತೆರಡು ವರ್ಷಕ್ಕೆ ನನ್ನದೊಂದು ಮಾತು ಅಚ್ಚಾಗುತ್ತದೆ, ಅದರ ಕೆಳಗೆ ನನ್ನ ಹೆಸರಿಲ್ಲ. ಹೊಟ್ಟೆ ಉರಿಯುತ್ತದೆ, ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಆದರೂ ನನ್ನ ಹೆಸರು ಹಾಕಿದರೆ ಅದು ನನ್ನ ಮಾತಾಗಿಬಿಡುತ್ತದೆ. ಅವನಿಗೆ ಬೇಕಾದದ್ದು ಪುಸ್ತಕದ ಮಾತು.

ಚೆನ್ನಾಗಿ ಬರೆ. ಒಂದಕ್ಷರ ಬದಲಾಯಿಸಬೇಡ. ಮೊದಲ ಪ್ರತಿ ನನಗೆ ಕಳಿಸಬೇಡ, ಎಲ್ಕಾನಾಗೆ ಕಳಿಸು. ಅವನು ಅದನ್ನು ಹಿಡಿದುಕೊಂಡು ನನ್ನ ಜಗಲಿಗೆ ಬಂದೇ ಬರುತ್ತಾನೆ. ಪುಟ ತೆಗೆದು, ಸಾಲಿನ ಮೇಲೆ ಬೆರಳಿಟ್ಟು, "ನೋಡಿ ಮಿಸ್, ಇಲ್ಲೇ ಇದೆ, ನಾನು ಹೇಳ್ಲಿಲ್ವಾ?" ಅನ್ನುತ್ತಾನೆ. ನಾನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, "ಹೌದಪ್ಪಾ, ನನಗೇ ಮರೆವು," ಅನ್ನುತ್ತೇನೆ.

ನಿನ್ನ ಅತ್ತೆ
ಯೂಲೀ